ಚನ್ನವ್ವನ ಫೋಟೊ ಮೇಲಿನ ಡಬ್ಬಿ

ಜನವರಿ 15, 2025

ನಿನ್ನೆ ಸಂಕ್ರಾಂತಿ. ಖಾನಾವಳಿ ಮುಚ್ಚಿದ್ದೆ. ಅಕ್ಕ ಇದ್ದಾಗ ಈ ಹಬ್ಬಕ್ಕೆ ಎಂದೂ ಮುಚ್ಚಿದ್ದಿಲ್ಲ. ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಮಾಡಿಸಿ, ಉಂಡು ಎದ್ದವರ ಕೈಗೆ ಎಳ್ಳು ಹಾಕಿ, "ಇನ್ನರ ಛಲೋ ಮಾತಾಡ್ರೋ" ಎಂದು ತಾನೇ ಬೈದು ಕಳಿಸುತ್ತಿದ್ದಳು.

ಅಕ್ಕ ಎಂದರೆ ಚನ್ನವ್ವ, ನನ್ನ ನೆಗೆಣ್ಣಿ. ನಮ್ಮ ಗಂಡಂದಿರು ಅಣ್ಣತಮ್ಮಂದಿರು, ಇಬ್ಬರೂ ಬೇಗ ಹೋದರು. ರಾಯಬಾಗದ ಬಸ್‌ಸ್ಟ್ಯಾಂಡಿನ ಎದುರು ನಾವಿಬ್ಬರು ಈ ಖಾನಾವಳಿ ಹಾಕಿದೆವು. ಆಕೆ ಹೊರಗೆ, ನಾನು ಒಲೆಯ ಮುಂದೆ. ನೆಗೆಣ್ಣಿಯರು ಒಂದೇ ಅಡಿಗೆಮನೆಯಲ್ಲಿ ಹೇಗೆ ಬಾಳುತ್ತೀರಿ ಎಂದು ಯಾರಾದರೂ ಕೇಳಿದರೆ, "ಕಸ್ತೂರಿಗೆ ಬಾಯಿಲ್ಲ, ನನಗ ಕೈಯಿಲ್ಲ. ಇಬ್ಬರೂ ಕೂಡಿ ಒಬ್ಬಾಕಿ ಹೆಣ್ಮಗಳ ಆಗೇವಿ" ಎನ್ನುತ್ತಿದ್ದಳು.

ದೀಪಾವಳಿಯ ಮುಂದಿನ ವಾರ ಮೆಂತೆಪಲ್ಯ ಸೋಸುತ್ತ ಕುಳಿತಲ್ಲೇ ಒರಗಿಬಿಟ್ಟಳು. ಈಗ ಬಾಯಿ ಹೋಯಿತು, ಕೈ ಉಳಿದಿದೆ.

ಆಕೆಯ ಮಗ ನಿಖಿಲ ಇಂದು ನಿಪ್ಪಾಣಿಯಿಂದ ಬಂದಿದ್ದ. ಅಲ್ಲಿ ಅವನದು ಡ್ರಿಪ್ ಪೈಪಿನ ಅಂಗಡಿ. ಮಧ್ಯಾಹ್ನದ ಹೊತ್ತಿನಲ್ಲಿ ಅರ್ಧ ಬೆಂಚು ಖಾಲಿ ಇದ್ದದ್ದನ್ನು ನೋಡಿದ. ಅವ್ವನ ಫೋಟೊ ಕಡೆ ನೋಡಲಿಲ್ಲ.

"ಕಾಕಿ, ಯುಗಾದಿ ತನಕಾ ನೋಡೂಣು. ಮಂದಿ ಬಂದ್ರ ನಡೀಲಿ. ಇಲ್ಲಂದ್ರ ಕಾಗವಾಡದ ಸುರಜ ಅಂತ ಒಬ್ಬಾಂವ ಆನ್‌ಲೈನ್ ಸೆಂಟರಿಗೆ ಈ ಜಾಗಾ ಕೇಳಾಕತ್ತಾನ. ಕೊಟ್ಟಬಿಡೂಣು. ನೀ ನಮ್ಮ ಜೋಡಿ ನಿಪ್ಪಾಣಿಯೊಳಗ ಆರಾಮ ಇರು."

ನಾನು ಹೂಂ ಎಂದೆ. ಅವನು ಹೋದ ಮೇಲೆ ತವೆಯ ಮುಂದೆ ಉಹೂಂ ಎಂದೆ.

ಜನವರಿ 22

ಮಂದಿ ಬರುವಂತೆ ಮಾಡಲು ನಿಖಿಲನೇ ಒಂದು ಉಪಾಯ ಮಾಡಿದ್ದಾನೆ. ನಮ್ಮದು ಹಳೆಯ ಕಲ್ಲಿನ ಕಟ್ಟಡ. ಗೋಡೆ ಎಷ್ಟು ದಪ್ಪವೆಂದರೆ ಒಳಗೆ ಬಂದ ಕೂಡಲೇ ಮೊಬೈಲಿನ ರೇಂಜ್ ಹೋಗುತ್ತದೆ. ಅದಕ್ಕೇ ಹುಡುಗರು ಪಕ್ಕದ ಹೋಟೆಲಿಗೆ ಹೋಗುತ್ತಾರಂತೆ. ನನ್ನ ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ಇಷ್ಟು ದಿನ ಸುಮ್ಮನೆ ಕೊರಗಿದೆ.

ವೈ-ಫೈ ಹಚ್ಚಲು ಚಿಕ್ಕೋಡಿಯಿಂದ ಅಸ್ಫಾಕ ಬಂದ. ಬಿಳಿ ತಾಟಿನಂಥ ಮೂರು ಡಬ್ಬಿ ತಂದಿದ್ದ. ಒಂದನ್ನು ದೊಡ್ಡ ಹಾಲಿಗೆ, ಒಂದನ್ನು ಫ್ಯಾಮಿಲಿ ರೂಮಿಗೆ, ಒಂದನ್ನು ಹೊರಗಿನ ಕಟ್ಟೆಗೆ ಹಾಕಿದ. ಮೂರರ ನೀಲಿ ವೈರುಗಳೂ ಅಡಿಗೆಮನೆಗೆ ಬಂದು, ಹಿಟ್ಟಿನ ಡಬ್ಬದ ಮೇಲಿನ ಹಲಗೆಯಲ್ಲಿ ಕೂರಿಸಿದ ಒಂದು ಕರಿ ಪೆಟ್ಟಿಗೆಗೆ ಸೇರಿದವು. ನಮ್ಮ ಇನ್ವರ್ಟರ್ ಸಣ್ಣದು, ಅಡಿಗೆಮನೆಗೆ ಮಾತ್ರ ಸಾಲುತ್ತದೆ. ಪೆಟ್ಟಿಗೆ ಅಲ್ಲಿದ್ದರೆ ಕರೆಂಟು ಹೋದರೂ ವೈ-ಫೈ ಹೋಗುವುದಿಲ್ಲ ಎಂದ.

ದೊಡ್ಡ ಹಾಲಿನ ಬಿಳಿ ಡಬ್ಬಿಯನ್ನು ಗೋಡೆಯಲ್ಲಿ, ಅಕ್ಕನ ಫೋಟೊಕ್ಕೆ ಸರಿಯಾಗಿ ಮೇಲ್ಗಡೆ ಹೊಡೆದಿದ್ದ. ನೋಡಲು ಅಕ್ಕ ಹ್ಯಾಟು ಹಾಕಿಕೊಂಡ ಹಾಗಿತ್ತು. ಸರಿಸು ಎನ್ನಬೇಕೆಂದವಳು ಬೇರೇನೋ ಕೇಳಿದೆ.

"ತಮ್ಮಾ, ಇದಕ್ಕ ಕರೆಂಟಿನ ಪಿನ್ನ ಎಲ್ಲೈತಿ?"

"ಪಿನ್ನ ಇಲ್ರಿ ಕಾಕು. ನೆಟ್ಟೂ ಕರೆಂಟೂ ಎರಡೂ ಇದ ಒಂದ ವೈರಿನಾಗ ಹೋಗತಾವು."

"ಒಂದರಾಗ ಎರಡ? ಜಗಳಾಡಂಗಿಲ್ಲ?"

"ನಿಖಿಲ ಅಣ್ಣಾರು ಡ್ರಿಪ್ಪ ಮಾರತಾರಲ್ರಿ. ಆ ಪೈಪಿನಾಗ ನೀರಿನ ಜೋಡಿ ಗೊಬ್ಬರಾನೂ ಹೋಗತೈತಿ. ಎಲ್ಲೆರ ಜಗಳಾ ಕೇಳೀರೇನು?"

"ಮುಟ್ಟಿದ್ರ ಶಾಕ ಹೊಡಿತೈತಿ?"

"ಏ, ಇಲ್ರಿ. ಅಂಥಾ ದೊಡ್ಡ ಕರೆಂಟ ಅಲ್ಲ ಅದು. ವೈರ ಕಿತ್ತರ ಡಬ್ಬಿ ಮಲಗತೈತಿ. ಹಚ್ಚಿದ್ರ ಏಳತೈತಿ. ಅಷ್ಟ."

ಡಬ್ಬಿಯ ನಡುವೆ ಒಂದು ಸಣ್ಣ ನೀಲಿ ದೀಪ ಹತ್ತಿತು. ಎರಡು ರೊಟ್ಟಿ ತಿಂದು ಹೋದ.

ಜನವರಿ 30

ಮಂದಿ ಬರುತ್ತಿದ್ದಾರೆ. ತಲೆ ಬಗ್ಗಿಸಿಕೊಂಡು ಬಂದು ತಲೆ ಬಗ್ಗಿಸಿಕೊಂಡೇ ಹೋಗುತ್ತಾರೆ. ಏನು ತಿಂದಿರಿ ಎಂದು ಕೇಳಿದರೆ ಹೇಳಲಾರರು.

ಫೆಬ್ರವರಿ 3

ಇಂದು ಒಂದು ತಮಾಷೆ ಆಯಿತು.

ಭೋಜದ ಮಾಳಸಿದ್ದ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಹಾಲಿನ ನಡುವೆ ಕುಳಿತು ಮೊಬೈಲಿನಲ್ಲಿ ಕುಸ್ತಿ ನೋಡುತ್ತಿದ್ದ. ತಾಟಿನಲ್ಲಿ ಒಂದೂವರೆ ರೊಟ್ಟಿ, ಒಂದು ಮುದ್ದೆ ಕಡಲೆಹಿಟ್ಟಿನ ಝುಣಕ ಹಾಗೇ ಬಿಟ್ಟು ಕೈ ತೊಳೆಯಲು ಎದ್ದ. ಅಕ್ಕ ಇದ್ದಿದ್ದರೆ ಬಚ್ಚಲಿಗೆ ಅಡ್ಡ ನಿಲ್ಲುತ್ತಿದ್ದಳು. ತಾಟಿನಲ್ಲಿ ಬಿಟ್ಟವರನ್ನು ಆಕೆ "ಏ, ಮೊದಲ ಖಾಲಿ ಮಾಡ್ರಿ" ಎಂದು ಒದರಿ ಮತ್ತೆ ಕೂರಿಸಿಯೇ ಬಿಡುತ್ತಿದ್ದಳು, ತಹಶೀಲ್ದಾರರಾದರೂ ಸರಿ. ನಾನು ರೊಟ್ಟಿ ದೂಡುವ ಕಿಂಡಿಯಿಂದ ನೋಡುತ್ತ ನಿಂತೆ. ಹೇಳಲು ಬಾಯಿ ಬರಲಿಲ್ಲ. ಸಿಟ್ಟಿನಿಂದ ಹಿಟ್ಟಿನ ಡಬ್ಬ ಎಳೆದೆ. ಮುಚ್ಚಳ ವೈರಿಗೆ ಸಿಕ್ಕು, ವೈರು ಪೆಟ್ಟಿಗೆಯಿಂದ ಕಳಚಿತು. ಹಾಲಿನ ನೀಲಿ ದೀಪ ಆರಿತು.

"ಅರೆರೆ, ಹಿಡದಿದ್ದಾ ಅಲ್ಲೋ! ಚಿತ್ತ ಮಾಡಾಂವಿದ್ದ!" ಎಂದು ಮಾಳಸಿದ್ದ ಚೀರಿದ. ಬೇರೆ ಕೆಲಸವಿಲ್ಲದೆ ಮತ್ತೆ ಕುಳಿತು ಉಳಿದ ರೊಟ್ಟಿ ಮುರಿದ. ಅಷ್ಟರಲ್ಲಿ ನಾನು ವೈರು ಹುಡುಕಿ ಹಚ್ಚಿದೆ. ಸ್ವಲ್ಪ ಹೊತ್ತಿಗೆ ದೀಪ ಬಂತು. ಅವನ ಕೊನೆಯ ತುತ್ತಿಗೂ ಅದಕ್ಕೂ ಸರಿ ಹೋಯಿತು.

ಬಡಿಸುವ ದಾನೇಶ್ವರಿ ಸೊಂಟಕ್ಕೆ ಕೈ ಇಟ್ಟು ಹೇಳಿದಳು: "ನೋಡಿದ್ಯಾ? ಮಾವಶಿ ನೆಟ್ಟ ಬಂದ ಮಾಡಿದ್ಲು. ತಾಟ ಖಾಲಿ ಆದ್ಮ್ಯಾಲ ಬಿಟ್ಲು."

ಎಲ್ಲರೂ ಅಕ್ಕನನ್ನು ಮಾವಶಿ ಎಂದೇ ಕರೆಯುತ್ತಿದ್ದರು. ಮಾಳಸಿದ್ದ ಫೋಟೊ ನೋಡಿದ, ಡಬ್ಬಿ ನೋಡಿದ, ಕೈ ಮುಗಿದ. ಆ ಕೈಯನ್ನು ಇನ್ನೂ ತೊಳೆದಿರಲಿಲ್ಲ.

ಫೆಬ್ರವರಿ 4

ಅದು ಹಾಗೆ ಆದದ್ದು ನಿಜವೇ ಎಂದು ನೋಡಲು ಇಂದು ಇನ್ನೊಮ್ಮೆ ಕಿತ್ತೆ. ನಿಜ.

ಫೆಬ್ರವರಿ 5

ನಿನ್ನೆಯದು ಖಾತ್ರಿ ಆಗಿರಲಿಲ್ಲ. ಇಂದು ಊಟದ ಹೊತ್ತಿನಲ್ಲೂ ನೋಡಿದೆ, ಚಹಾದ ಹೊತ್ತಿನಲ್ಲೂ ನೋಡಿದೆ.

ಫೆಬ್ರವರಿ 12

ದಾನೇಶ್ವರಿ ಬಂದವರಿಗೆಲ್ಲ ನಿಯಮ ಹೇಳಿ ಕೂರಿಸುತ್ತಿದ್ದಾಳೆ. ತಾಟಿನಲ್ಲಿ ಬಿಟ್ಟರೆ ನೆಟ್ಟು ಹೋಗುತ್ತದೆ. ಉಂಡ ಮೇಲೂ ಜಾಗ ಬಿಡದೆ ಕುಳಿತರೆ ಹೋಗುತ್ತದೆ. ತನಗೆ 'ಏ' ಎಂದರೂ ಹೋಗುತ್ತದೆ ಎಂದು ತನ್ನದೂ ಒಂದು ಸೇರಿಸಿದ್ದಾಳೆ. ಅದು ನನಗೆ ಗೊತ್ತಿರಲಿಲ್ಲ. ಕಾಲೇಜಿನ ಒಬ್ಬ ಹುಡುಗ "ಏ, ಸಾರು" ಎಂದಾಗ ಆಕೆ ಫೋಟೊ ಕಡೆ ನೋಡುತ್ತ ಕಾದು ನಿಂತಳು. ಪಾಪ, ಆಕೆಯ ಮಾತು ಸುಳ್ಳಾಗಬಾರದು. ಕಿತ್ತೆ.

ಮಧ್ಯಾಹ್ನ ಕರೆಂಟು ಹೋಯಿತು. ಹಾಲಿಗೆ ಒಂದೇ ಕಿಟಕಿ. ಫ್ಯಾನು ನಿಂತಿತು, ಟ್ಯೂಬು ಆರಿತು, ಎಲ್ಲವೂ ಕಪ್ಪಾಯಿತು. ಅಕ್ಕನ ತಲೆಯ ಮೇಲಿನ ನೀಲಿ ದೀಪ ಮಾತ್ರ ಉರಿಯುತ್ತಿತ್ತು. ಯಾರೋ ಸ್ಟೂಲು ಹತ್ತಿ ನೋಡಿದರು.

"ಪಿನ್ನ ಇಲ್ಲೋ ಇದಕ!"

"ಕರೆಂಟಿನ ವೈರ?"

"ನೆಟ್ಟಿನ ವೈರ ಒಂದ ಐತಿ. ಕರೆಂಟಿಂದು ಇಲ್ಲ."

"ಮತ್ತ ಹ್ಯಾಂಗ ಹತ್ತತೈತಿ?"

ಎಲ್ಲರೂ ತಾಟು ಖಾಲಿ ಮಾಡಿದರು. ಎಮ್ಮೆಗೆ ಎಂದು ತೆಗೆದಿಡುವ ಮುಸುರೆ ಬಕೆಟ್ಟಿನ ತಳವೂ ಮುಚ್ಚಲಿಲ್ಲ.

ಫೆಬ್ರವರಿ 19

ಇಂದು ಆದದ್ದು ನನಗೆ ಸರಿ ಬರಲಿಲ್ಲ.

ಅಥಣಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮುದುಕಿ ಒಳಗೆ ಬಂದಳು. ಅಕ್ಕನ ಫೋಟೊದ ಮುಂದೆ ಎರಡು ಬಾಳೆಹಣ್ಣು ಇಟ್ಟು, ಊದಿನಕಡ್ಡಿ ಹಚ್ಚಿ, ಮಗಳ ಲಗ್ನ ಕೂಡಿಸು ಎಂದು ಬೇಡತೊಡಗಿದಳು. ದಾನೇಶ್ವರಿ ಪಕ್ಕದಲ್ಲಿ ನಿಂತು ಪೂಜಾರಿಯ ಹಾಗೆ ತಲೆ ಅಲ್ಲಾಡಿಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಹೊರಗೆ ಹೋದೆ.

"ಯವ್ವಾ, ಇದು ಗುಡಿ ಅಲ್ಲ, ಖಾನಾವಳಿ. ನಮ್ಮಕ್ಕಗ ಲಗ್ನ ಕೂಡಿಸಾಕ ಬರತಿದ್ದಿಲ್ಲ, ಊಟಕ್ಕ ಹಾಕಾಕ ಬರತಿತ್ತು. ಕುಂಡ್ರು." ಉಣಿಸಿ ಬಸ್ಸು ಹತ್ತಿಸಿದೆ. ದಾನೇಶ್ವರಿಗೂ ಹೇಳಿದೆ: "ಊದಿನಕಡ್ಡಿ ವಾಸಕ್ಕ ಅಕ್ಕಗ ಸೀನು ಬರತಿದ್ದವು. ಇನ್ನಮ್ಯಾಲ ಕಡ್ಡಿ, ಕಾಯಿ ಏನೂ ಬ್ಯಾಡ." ಸಂಜೆಯೊಳಗೆ ಅದೂ ನಿಯಮವಾಯಿತು.

ಎಲ್ಲರೂ ಎದ್ದ ಮೇಲೆ ಜಾಫರಸಾಬರು ಕಿಂಡಿಯ ಹತ್ತಿರ ಬಂದರು. ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಖಾನಾವಳಿ ಹಾಕಿದ ಮೊದಲ ದಿನದಿಂದ ಇಲ್ಲೇ ಉಣ್ಣುತ್ತಾರೆ.

"ಕಸ್ತೂರೆವ್ವಾ, ಒಂದ ಮಾತ. ವೈರ ಕೀಳೂ ಮೊದಲ ನನಗೊಂದ ಸನ್ನಿ ಮಾಡು. ಕೊಗನೊಳ್ಳಿಯಿಂದ ಮೊಮ್ಮಗಳು ಮೆಹೆಕ ವಿಡಿಯೊದಾಗ ಮಾತಾಡತಿರತಾಳ. ನಡುವ ಅಕಿ ಮಾರಿ ನಿಂತಬಿಡತೈತಿ."

"ಏನ ಕೀಳೂದು?" ಎಂದೆ.

ಅವರು ಕೈತೊಳೆಯುವ ಬಚ್ಚಲಿನ ಮೇಲಿನ ಕನ್ನಡಿ ತೋರಿಸಿದರು. ಅವರು ದಿನಾ ಕೂರುವ ಜಾಗದಿಂದ ನೋಡಿದರೆ ಅದರಲ್ಲಿ ಕಿಂಡಿ ಕಾಣುತ್ತದೆ. ಕಿಂಡಿಯಲ್ಲಿ ಹಲಗೆ, ಹಲಗೆಗೆ ಚಾಚಿದ ನನ್ನ ಕೈ.

"ಇಡೀ ಜನ್ಮ ಕನ್ನಡಿಯೊಳಗ ಹಿಂದಿನ ಮಂದಿನ್ನ ನೋಡಕೋತ ಗಾಡಿ ಹೊಡದೇನಿ. ಯಾರು ಟಿಕೇಟ ತಗಸಿಲ್ಲ ಅನ್ನೂದು ಬೆನ್ನಿಗೇ ತಿಳೀತಿತ್ತು."

"ಪಾಪ ಮಾಡಾಕತ್ತೇನೇನ್ರಿ ಸಾಹೇಬ್ರ?"

"ಬೇಡಕೊಳ್ಳಾಕ ಬಿಟ್ಟಿದ್ದಿ ಅಂದ್ರ ಪಾಪ ಆಗತಿತ್ತು. ಉಣ್ಣಾಕ ಹಚ್ಚೀದಿ. ಅದೂ ಅಲ್ದ, ಇವತ್ತ ಈ ಹಾಲಿನಾಗ ಅಕಿ ಹೆಸರ ಎಷ್ಟ ಮಂದಿ ತಗೊಂಡ್ರು, ಕೇಳಿದಿ?"

ಕೇಳಿದ್ದೆ. ಅದನ್ನು ಕೇಳಲಿಕ್ಕೇ ಕೀಳುತ್ತೇನೋ ಏನೋ. ಬರೆಯಬಾರದಿತ್ತು, ಬರೆದೆ.

ಮಾರ್ಚ್ 5

ರಂಜಾನ್ ಶುರುವಾಗಿದೆ. ಜಾಫರಸಾಬರಿಗೆ ಉಪವಾಸ. ಆದರೂ ಮಧ್ಯಾಹ್ನ ತಮ್ಮ ಜಾಗದಲ್ಲಿ ಬಂದು ಕೂರುತ್ತಾರೆ. ಹೊತ್ತು ಮುಳುಗುವ ಮುಂಚೆ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಾರೆ. ಏನೂ ಉಣ್ಣದೆ ಕುಳಿತ ಇವರಿಗೆ ನೆಟ್ಟು ಹೇಗೆ ಬರುತ್ತದೆ ಎಂದು ಮಾಳಸಿದ್ದ ತಕರಾರು ತೆಗೆದ.

"ಮಾವಶಿಗೆ ಗೊತ್ತಾಗಂಗಿಲ್ಲೇನಲೇ? ರೋಜಾ ಇದ್ದವರಿಗೆ ರಿಯಾಯ್ತಿ ಕೊಟ್ಟಾಳ," ಎಂದಳು ದಾನೇಶ್ವರಿ.

"ಹಂಗಾರ ನಾನೂ ಸೋಮವಾರ ಹಿಡಿತೇನಿ."

"ನೀ ಹಿಡಿಯಾಂವ! ಸೋಮವಾರ ಎರಡ ತಾಟ ಉಪ್ಪಿಟ್ಟ ತಿಂತಿ."

ಜಾಫರಸಾಬರು ಕನ್ನಡಿಯಲ್ಲಿ ನನ್ನ ಕಡೆ ನೋಡಿ ಗಡ್ಡ ನೀವಿಕೊಂಡರು. ನನಗೆ ನಗು ಬಂದು ರೊಟ್ಟಿ ಹರಿಯಿತು. ಹರಿದ ರೊಟ್ಟಿಯನ್ನು ಮಾಳಸಿದ್ದನಿಗೆ ಕೊಟ್ಟೆ.

ಮಾರ್ಚ್ 9

ಅಕ್ಕನ ಟ್ರಂಕು ತೆಗೆದೆ. ಮುಚ್ಚಿದೆ.

ಮಾರ್ಚ್ 20

ನಿಖಿಲನ ಫೋನು. ಮಂದಿ ಬರುತ್ತಿದ್ದಾರೆ ಎಂದು ಹೇಳಿದೆ. ಸಂತೋಷ ಎಂದ. ಆದರೂ ಬರುವ ವಾರ ಸುರಜನನ್ನು ಕರೆತಂದು ಜಾಗ ತೋರಿಸುತ್ತಾನಂತೆ.

"ಮಂದಿ ಬಂದ್ರ ನಡೀಲಿ ಅಂದಿದ್ದಿ ಅಲ್ಲೋ?"

"ಅಂದಿದ್ದೆ, ಕಾಕಿ. ಖರೆ ಅಂದ್ರ, ಅಲ್ಲಿ ಬಂದ್ರ ನನಗ ನಿಂದ್ರಾಕ ಆಗಂಗಿಲ್ಲ. ಇಡೀ ಹಾಲು ಗಪ್ಪ ಅನಸತೈತಿ. ಅವ್ವನ ದನಿ ಇಲ್ಲದ ಆ ಖಾನಾವಳಿ ನನಗ ಬ್ಯಾಡಾಗೈತಿ."

ಇದಕ್ಕೆ ನಾನು ಯಾವ ವೈರು ಕೀಳಲಿ?

ಮಾರ್ಚ್ 26

ಎಲ್ಲವನ್ನೂ ಬರೆದಿಡಬೇಕು. ಕೈ ನೋಯುತ್ತಿದೆ, ಆದರೂ ಬರೆಯುತ್ತೇನೆ.

ಮಧ್ಯಾಹ್ನ ನಿಖಿಲ ಮತ್ತು ಸುರಜ ಬಂದರು. ಸುರಜ ಇಸ್ತ್ರಿ ಅಂಗಿಯ, ಬೆರಳ ತುಂಬ ಉಂಗುರದ ಮನುಷ್ಯ. ಅಳತೆಯ ಟೇಪು ತಂದಿದ್ದ. ಮಂದಿ ಉಣ್ಣುತ್ತಿದ್ದಂತೆಯೇ ಬೆಂಚುಗಳ ಮೇಲೆ ಬಗ್ಗಿ ಬಗ್ಗಿ ಅಳೆದ. "ಇಲ್ಲಿ ಕೌಂಟರ, ಇಲ್ಲಿ ಝೆರಾಕ್ಸ, ಇಲ್ಲಿ ಆಧಾರದ ಮಶೀನ. ಈ ಫೋಟೊದ ಜಾಗಾದಾಗ ನಂದೊಂದು ದೊಡ್ಡ ಬೋರ್ಡ," ಎಂದ. ಮಾಳಸಿದ್ದ ಎತ್ತಿದ ತುತ್ತನ್ನು ತಾಟಿಗೆ ಇಳಿಸಿದ.

ನಿಖಿಲ ಹಾಲಿನಲ್ಲಿ ನಿಲ್ಲಲಾರದೆ ಒಳಗೆ ಬಂದು ಹಿಟ್ಟಿನ ಡಬ್ಬದ ಹತ್ತಿರ ನಿಂತ. ನೀರು ಕೊಟ್ಟೆ. ಇವನ ಮುಂದೆ ಕೀಳುವುದು ಹೇಗೆ? ಅವನು ಅಲ್ಲಿಂದ ಕದಲುವ ಲಕ್ಷಣವಿರಲಿಲ್ಲ. ಈ ಮಾತನ್ನು ಬಾಯಿಂದಲೇ ಮುಗಿಸಬೇಕು ಎಂದುಕೊಂಡು, ಸಾರಿನ ಸೌಟು ಹಿಡಿದುಕೊಂಡು ನಾನೇ ಹಾಲಿಗೆ ಹೋದೆ. ಏನು ಹೇಳಬೇಕೆಂಬುದು ಮಾತ್ರ ಗೊತ್ತಿರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲೆಯಲ್ಲಿ ಅಕ್ಕನ ಮೇಲಿನ ನೀಲಿ ದೀಪವೊಂದೇ ಉಳಿಯಿತು.

"ಇದ್ಯಾಕ ಆರಿಲ್ಲ?" ಎಂದ ಸುರಜ.

"ಅದು ಆರಂಗಿಲ್ರಿ," ಎಂದ ಮಾಳಸಿದ್ದ. "ಕರೆಂಟಿನ ಪಿನ್ನ ಇಲ್ಲ ಅದಕ. ಮಾವಶಿದು."

"ಯಾವ ಮಾವಶಿ?"

"ಈ ಫೋಟೊದಾಕಿ. ಇನ್ನೂ ಖಾನಾವಳಿ ಬಿಟ್ಟ ಹೋಗಿಲ್ರಿ ಅಕಿ," ಎಂದಳು ದಾನೇಶ್ವರಿ. "ತಾಟಿನ್ಯಾಗ ಬಿಟ್ರ ನೆಟ್ಟ ಬಂದ. ಸೊಕ್ಕ ಮಾಡಿದ್ರ ನೆಟ್ಟ ಬಂದ. ರಾಯಬಾಗದಾಗ ಯಾರನರ ಕೇಳ್ರಿ."

ಸುರಜ ನಕ್ಕ. ಆದರೆ ಟೇಪನ್ನು ಸುತ್ತಿ ಕಿಸೆಗೆ ಹಾಕಿಕೊಂಡ. ನಗುವಿಗೆ ಜೊತೆ ಸಿಗದಿದ್ದಾಗ ಜಾಫರಸಾಬರ ಕಡೆ ತಿರುಗಿದ. "ಚಾಚಾ, ನೀವರ ಹೇಳ್ರಿ. ಇದೇನು ಚೇಷ್ಟಾ?"

"ರೋಜಾ ಹಿಡದೇನ್ರಿ, ಸುಳ್ಳ ಹೇಳಂಗಿಲ್ಲ," ಎಂದರು ಜಾಫರಸಾಬರು. "ದೀಪ ಆರೂದನ್ನ ಕಣ್ಣಿಲೆ ನೋಡೇನಿ. ಭಾಳ ಸಲ." ಅದು ಅಕ್ಷರಶಃ ಸತ್ಯ.

ಸುರಜ ಗಂಡಸುತನ ತೋರಿಸಲು ಫೋಟೊದ ಮುಂದೆ ಹೋಗಿ ನಿಂತ. ಸೊಂಟಕ್ಕೆ ಕೈ ಇಟ್ಟು, ದೊಡ್ಡ ದನಿ ತೆಗೆದು ಕೇಳಿದ: "ಏನ ಮಾವಶೀ, ಈ ಜಾಗಾ ನಾ ಹಿಡೀಲ್ಯಾ?"

ದೀಪ ಆರಿತು.

ನಾನು ಹಾಲಿನ ನಡುವೆ ನಿಂತಿದ್ದೆ. ನನ್ನ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಸೆರಗು. ವೈರಿನ ಹತ್ತಿರ ನಾನಿರಲಿಲ್ಲ. ಅಕ್ಕಾ, ಬಂದ್ಯಾ? ಎಂದು ಬಾಯಿಗೆ ಬಂತು. ಕನ್ನಡಿಯ ಕಡೆ ನೋಡಿದ ಜಾಫರಸಾಬರ ಕಣ್ಣೂ ಅಗಲವಾದವು.

ಸುರಜ ಚಪ್ಪಲಿ ಹುಡುಕುತ್ತಿದ್ದ. "ನಿಖಿಲ ಅವರಿಗೆ ಹೇಳ್ರಿ, ರಾಯಬಾಗಕಿಂತ ಕಾಗವಾಡದಾಗ ಗಿರಾಕಿ ಭಾಳ ಅದಾರಂತ," ಎಂದು ಹೊರಗೆ ನಡೆದ. ದಾನೇಶ್ವರಿ ಅವನ ಹಿಂದೆಯೇ ಬಾಗಿಲ ತನಕ ಹೋಗಿ, "ಊಟಾ ಮಾಡಲಾರದ ಹೊಂಟ್ರಿ ಅಲ್ರಿ? ಮಾವಶಿ ಸಿಟ್ಟಾಗತಾಳ!" ಎಂದಳು. ಅವನ ಹೆಜ್ಜೆ ಇನ್ನೂ ಜೋರಾಯಿತು.

ನಾನು ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಬಂದೆ.

ನಿಖಿಲ ಹಲಗೆಯ ಮುಂದೆ ನಿಂತಿದ್ದ. ಕೈಯಲ್ಲಿ ವೈರಿನ ತುದಿ.

"ನೀನ?" ಎಂದೆ.

"ಮೂರು ವೈರಿನಾಗ ಎರಡು ನೀಲಿ ಅದಾವು, ಕಾಕಿ. ಇದೊಂದು ಜ್ವಾಳದ ಹಿಟ್ಟಿನಾಗ ಬೆಳ್ಳಗಾಗೈತಿ. ಯಾಕಿದ್ದೀತು ಅಂತ ನೋಡಾಕತ್ತಿದ್ದೆ. ಹೊರಗ ಅಂವ ಅವ್ವನ ಮುಂದ ನಿಂತು ಹಂಗ ಕೇಳಿದಾ..." ತಪ್ಪು ಮಾಡಿ ಸಿಕ್ಕಿಬಿದ್ದವನ ಮುಖ ಅವನದಾಗಿತ್ತು. ನನ್ನದೂ ಹಾಗೇ ಇದ್ದಿರಬೇಕು. ಯಾರು ಯಾರನ್ನು ಬೈಯಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಹೊರಗೆ ಗದ್ದಲ ಶುರುವಾಗಿತ್ತು. ಸುರಜ ಹೋದರೂ ದೀಪ ಬರಲಿಲ್ಲವಲ್ಲ. "ನಾವೇನ ಮಾಡೇವ್ರಿ ಮಾವಶೀ! ನೆಟ್ಟ ಬಿಡ್ರಿ!" ಎಂದು ಹುಡುಗರು ತಾಟು ಬಡಿಯುತ್ತಿದ್ದರು. ಅರ್ಧ ಉಂಡ ತಾಟುಗಳು! ಇಷ್ಟು ದಿನ ಕಲಿಸಿದ್ದೆಲ್ಲ ನೀರಿಗೆ ಹೋಯಿತು ಎಂದು ನನಗೆ ಮೈಯೆಲ್ಲ ಉರಿಯಿತು. ಕಿಂಡಿಗೆ ಹೋಗಲೂ ಪುರಸೊತ್ತಿರಲಿಲ್ಲ. ನಿಂತಲ್ಲಿಂದಲೇ ಒದರಿದೆ.

"ಏ, ತಾಟ ಯಾಕ ಬಡಿತೀರೋ? ಅದೇನ ಹೋಳಿ ಹಲಗಿ ಅಂತ ತಿಳದೀರೇನು? ಮೊದಲ ಖಾಲಿ ಮಾಡ್ರಿ, ಆಮ್ಯಾಲ ನೆಟ್ಟ!"

ಹಾಲು ಗಪ್ಪಾಯಿತು. ಬಗ್ಗಿ ನೋಡಿದರೆ ಎಲ್ಲರ ಬಾಯಿ ತೆರೆದಿತ್ತು, ಎಲ್ಲರೂ ಅಕ್ಕನ ಫೋಟೊ ನೋಡುತ್ತಿದ್ದರು. ದಾನೇಶ್ವರಿಯ ಕೈಯಿಂದ ಚಟ್ನಿ ಬಟ್ಟಲು ಜಾರಿತು. ಮಾತು ಬಂದದ್ದು ಅಡಿಗೆಮನೆಯಿಂದ, ನೋಡುವುದು ಫೋಟೊ ಕಡೆ! ಈ ಮಂದಿಗೆ ಏನಾಗಿದೆಯೋ. ಆಮೇಲೆ ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಉಣ್ಣತೊಡಗಿದರು.

ತಿರುಗಿ ನೋಡಿದರೆ ನಿಖಿಲ ಹಿಟ್ಟಿನ ಡಬ್ಬದ ಮೇಲೆ ಕುಳಿತಿದ್ದ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಭುಜ ಕುಲುಕುತ್ತಿದ್ದವು. ನಗುತ್ತಿದ್ದಾನೆ ಎಂದುಕೊಂಡೆ.

"ಏನಾತೋ?"

"ಏನಿಲ್ಲ ಕಾಕಿ," ಎಂದ. "ಇನ್ನೊಮ್ಮೆ ಒದರು."

ಇನ್ನೊಮ್ಮೆ ಏಕೆ? ಎಲ್ಲರೂ ಉಣ್ಣುತ್ತಿದ್ದರಲ್ಲ. ತವೆಯ ಮೇಲಿನ ರೊಟ್ಟಿ ಸೀಯುತ್ತಿತ್ತು. ಅವನನ್ನು ಡಬ್ಬದ ಮೇಲಿಂದ ಎಬ್ಬಿಸಿ, ಸೌಟು ಕೈಗೆ ಕೊಟ್ಟು, ಸಾರು ಬಡಿಸಲು ಹೊರಗೆ ಕಳಿಸಿದೆ.